ಕುತ್ತಿಗಿ ಇಲ್ಲದ ನವಿಲು

ಮೈಂದರ್ಗಿಯಿಂದ ಕಡೀ ಬಸ್ಸು.
ಅಕ್ಕನ ತಲಿ ನನ್ನ ತೊಡಿ ಮ್ಯಾಲ.
ಎಂಟನೇ ತಿಂಗಳಿಗೇ ಬ್ಯಾನಿ ಸುರುವಾಗಿದ್ದವು.
ನನಗ ಹದಿನಾರು,
ಕುಪ್ಪಸದಾಗ ನೂರಾ ನಲವತ್ತು ರೂಪಾಯಿ.

ಸೊಲ್ಲಾಪುರದ ಸಿವಿಲ್ ದವಾಖಾನಿ
ರಾತ್ರಿ ಹನ್ನೊಂದಕ್ಕ ನಮ್ಮ ಊರ ಸಂತಿಗಿಂತ ಎಚ್ಚರ.
ಕಿಡಕಿ ಹಿಂದಿನಾಂವ ಮರಾಠಿಯಾಗ ಕೇಳಿದ.
ನಾ ಸಾಲ್ಯಾಗ ಕಲಿತ ಮರಾಠಿ ಬರೇ ಪದ್ಯದ್ದು:
ಆಕಳಾ, ಹೊಳಿ, ಚಂದಪ್ಪ.
ರಗತದ ಗುಂಪಿಗೆ ಏನಂತಾರ ಅಂತ
ಅದರಾಗ ಇರಲಿಲ್ಲ.

ಹಿಂದಿನಿಂದ ಬಂದಳು ಒಬ್ಬಾಕಿ.
ಸೆರಗಿಗೆ ತಂಬಾಕಿನ ವಾಸನಿ,
ಬೀಡಿ ಬಾಯಿ ಮಡಚಿ ಮಡಚಿ ಸವೆದ ಉಗುರು.
ತೆಲುಗಿನಾಗ ಏನೋ ಬೈದಳು,
ನನಗೋ, ಕಿಡಕಿಗೋ, ದೇವರಿಗೋ,
ಕೈಯಾಗಿನ ಕಾಗದ ಕಸಕೊಂಡು ತಾನೇ ಮುಂದ ನಿಂತಳು.
ಶಿವಲೀಲಾ ಅಂತ ನಾ ಅಂದರ
ಸಿವ್ವಲೀಲ ಅಂತ ಆಕಿ ಅಂದಳು,
ಲೀಲಾವತಿ ಅಂತ ಅಂವ ಬರದ.
ಆ ರಾತ್ರಿ ಹುಟ್ಟಿದ ಕೂಸಿನ ದಾಖಲೆಯಾಗ
ಇವತ್ತಿಗೂ ತಾಯಿ ಹೆಸರು ಲೀಲಾವತಿ.

ರಗತ ಬೇಕಾತು.
ಆಕಿ ಗೇಟಿನ ತನಕ ಓಡಿ
ರಿಕ್ಷಾದಾಂವನೊಬ್ಬನ್ನ ಎಳಕೊಂಡು ಬಂದಳು,
ಬಿಲ್ಲೆ ಮ್ಯಾಲ ಜಿಲಾನಿ ಅಂತಿತ್ತು.
ಕೊಟ್ಟ, ಎರಡು ಬಿಸ್ಕೀಟು ತಿಂದ,
ಬಾಡಿಗಿ ಕಾಯತದ ಅಂತ ಹ್ವಾದ.

ವರಾಂಡದ ಫರಸಿ ಎಲುಬಿನ ತನಕ ಕೊರೀತಿತ್ತು.
ಆಕಿ ತನ್ನ ಗಂಟು ಬಿಚ್ಚಿ
ಒಂದು ಚಾದರ ನನ್ನ ಮ್ಯಾಲ ಒಗದಳು.
ಆ ಊರಿನದೇ ಚಾದರ, ಆದರ ಮಾರಲಾರದ್ದು:
ನವಿಲಿನ ಸಾಲಿನಾಗ
ಒಂದು ನವಿಲಿಗೆ ಕುತ್ತಿಗಿ ಇರಲಿಲ್ಲ.
ಎಳಿ ಹರಿದಾಗ ಮಗ್ಗದ ಮುಂದ
ಗಂಡ ತೂಕಡಸತಿದ್ದನಂತ,
ಕೈಸನ್ನಿ ಮಾಡಿ ಹೇಳಿ ನಕ್ಕಳು.
ಅದೇ ಗಂಡ ಮೂರನೇ ವಾರ್ಡಿನಾಗ ಕೆಮ್ಮತಿದ್ದ.

ನಸುಕಿನಾಗ ಕೂಸಿನ ದನಿಗೆ ಎಚ್ಚರಾತು.
ಆಕಿ ಇರಲಿಲ್ಲ.
ಮೂರನೇ ವಾರ್ಡಿನಾಗ ಒಂದು ಮಂಚ ಖಾಲಿ,
ರಬ್ಬರ್ ಹಾಸು ತೊಳದು ಒಣಗ ಹಾಕಿದ್ದರು.
ಕೇಳಬೇಕಾದ್ದನ್ನ ನಾ ಯಾರಿಗೂ ಕೇಳಲಿಲ್ಲ.
ಚಾದರ ನನ್ನ ಮ್ಯಾಲೇ ಇತ್ತು.

ಹತ್ತೊಂಬತ್ತು ವರ್ಷ ಪೆಟ್ಟಿಗ್ಯಾಗ ಇಟ್ಟೆ.
ಒಮ್ಮೆ ತೊಳದೆ, ಎರಡನೇ ಸಲ ಮನಸ್ಸಾಗಲಿಲ್ಲ.
ಆಮ್ಯಾಲ ಆ ಕೂಸಿನ ಕರಕೊಂಡೇ ಹ್ವಾದೆ
ಬೀಡಿ ಕಟ್ಟವರ ವಸಾಹತಿಗೆ.
ಒಂದೇ ನಮೂನಿ ಮನಿ, ಸಾವಿರಾರು.
ಹೆಸರೇನು? ಗೊತ್ತಿಲ್ಲ.
ಗಂಡನ ಹೆಸರು? ಗೊತ್ತಿಲ್ಲ.
ಮತ್ತೇನು ಗೊತ್ತದ?
ನವಿಲು ತೋರಸಿದೆ.
ಒಬ್ಬಾಕಿ ಸಾಲ ವಸೂಲಿಯಾಕಿ ಅಂತ ತಿಳಿದು ಬಾಗಿಲಾ ಹಾಕಿದಳು,
ಮತ್ತೊಬ್ಬಾಕಿ ಎಷ್ಟಕ್ಕ ಮಾರತಿ ಅಂದಳು.

ಹೊತ್ತು ಮುಳುಗೂ ಮುಂದ, ಓಣಿಯ ತುದಿಗೆ
ಕಣ್ಣಿಗೆ ಪೊರಿ ಬಂದ ಮುದುಕಿಯೊಬ್ಬಳು
ಚಾದರ ಸವರಿ, ಮೂಸಿ,
"ನಾದೇ" ಅಂದಳು.
ಅಷ್ಟು ತೆಲುಗು ನನಗೂ ತಿಳೀತದ.

ಈಕಿ ಆಕಿ ಅಲ್ಲ.
ಆಕಿ ಎತ್ತರ ಇದ್ದಳು; ಎತ್ತರ ವಯಸ್ಸಿಗೆ ಇಳಿಯತದ ಅನ್ನಬಹುದು,
ಗಲ್ಲದ ಮ್ಯಾಲಿನ ಹಚ್ಚಿ ಅಳಿಯೂದಿಲ್ಲ.
ಹುಡುಗಿ ನನ್ನ ಮೊಣಕೈ ತಿವಿದಳು.
ನಾ ಸುಮ್ಮನಿದ್ದೆ.

ಮುದುಕಿ ಚಾದರ ಹೊದ್ದುಕೊಂಡೇ ಒಳಗ ಹೋಗಿ
ಹಿಡಿಕಿ ಮುರಿದ ಕಪ್ಪಿನಾಗ ಚಾ ತಂದಳು,
ಸಕ್ರಿ ಸುರುವಿದ್ದಳು ಬೀಗರಿಗೆ ಸುರುವಿದಂಗ.
ಒಂದಿನ ಕೊಡಾಕ ಬಂದೇ ಬರ್ತಿ ಅಂತ ಗೊತ್ತಿತ್ತು,
ಅಂದಳು, ಮುರುಕು ಮರಾಠಿಯಾಗ.

ಸುಳ್ಳೋ, ಮರವೋ,
ಇಲ್ಲಾ ಆಕಿನೂ ಎಂದೋ ಒಂದು ರಾತ್ರಿ
ಯಾರ ಮ್ಯಾಲೋ ಒಂದು ಚಾದರ ಒಗದು
ಎದ್ದು ಹೋಗಿದ್ದಳೋ.

ತಿರುಗಿ ಬರೂಮುಂದ
ಅಕ್ಕಲಕೋಟ ದಾಟೂತನಕ ಹುಡುಗಿ ಮಾತಾಡಲಿಲ್ಲ.
ಬಸ್ಸಿನ ಕಿಡಕಿ ಮುಚ್ಚತಿರಲಿಲ್ಲ, ಥಂಡಿ.
ತೊಡಿ ಮ್ಯಾಲ ನನ್ನ ಬೆರಳು
ಇಲ್ಲದ ಚಾದರದಾಗ
ಇಲ್ಲದ ಕುತ್ತಿಗಿ ಹುಡುಕತಿತ್ತು.